ಎದೆಗೋಡೆಗೆ ಅಂಟಿದ ಗಂಟು

ಸಿ.ಟಿ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಗಂಟುಗಳನ್ನು ಪತ್ತೆ ಮಾಡುವ ಎಐ ಮಾಡೆಲ್ ಕಟ್ಟಲು ನಾನು ಬಳಸಿದ್ದು ಲೂನಾ16 ಎಂಬ ಸಾರ್ವಜನಿಕ ದತ್ತಾಂಶವನ್ನು. ಅದರಲ್ಲಿ 888 ಸ್ಕ್ಯಾನ್‌ಗಳೂ, ನಾಲ್ವರು ರೇಡಿಯಾಲಜಿಸ್ಟರ ಪೈಕಿ ಕನಿಷ್ಠ ಮೂವರು ಒಪ್ಪಿದ, 3 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡದಾದ 1,186 ಗಂಟುಗಳೂ ಇವೆ. ಮೊದಲ ಸುತ್ತಿನಲ್ಲಿ ಮಾಡೆಲ್ ಪಕ್ಕೆಲುಬಿನ ತುದಿಯನ್ನೂ ಗಂಟೆಂದೇ ತೋರಿಸಿತು. ಶ್ವಾಸಕೋಶ ಎಲ್ಲಿ ಮುಗಿಯುತ್ತದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಳೆದ ಸುಲಭ ಉಪಾಯವೆಂದರೆ ಶ್ವಾಸಕೋಶದ ಮಾಸ್ಕ್, ಅಂದರೆ ಯಾವ ಬಿಂದುಗಳು ಶ್ವಾಸಕೋಶಕ್ಕೆ ಸೇರಿವೆ ಎಂಬ ಗುರುತು, ತಯಾರಿಸಿ ಹೊರಗಿನದನ್ನೆಲ್ಲ ಅಳಿಸಿಬಿಡುವುದು. ಸ್ಕ್ಯಾನಿನ ಪ್ರತಿ ಬಿಂದುವಿನ ಸಾಂದ್ರತೆಯನ್ನು ಅಂಕಿಯಲ್ಲಿ ಹೇಳುವ ಹೌನ್ಸ್‌ಫೀಲ್ಡ್ ಮಾಪನದಲ್ಲಿ ನೀರು 0, ಗಾಳಿ -1000. ಗಾಳಿ ತುಂಬಿದ ಶ್ವಾಸಕೋಶ ಗಾಳಿಗೇ ಹತ್ತಿರವಿರುವುದರಿಂದ -400ರಲ್ಲಿ ಗೆರೆ ಎಳೆದರೆ ಅದು ಬಹುಮಟ್ಟಿಗೆ ಬೇರ್ಪಡುತ್ತದೆ. ಸುಳ್ಳು ಎಚ್ಚರಿಕೆಗಳು ಇಳಿದವು, ಆದರೆ ಮೊದಲು ಸಿಗುತ್ತಿದ್ದ ಕೆಲವು ನಿಜವಾದ ಗಂಟುಗಳೂ ಮಾಯವಾದವು. ಅವುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋದಾಗ ಒಂದು ಸ್ಲೈಸ್‌ನಲ್ಲಿ (ಸ್ಕ್ಯಾನಿನ ಒಂದು ಅಡ್ಡಕೊಯ್ತದ ಚಿತ್ರದಲ್ಲಿ) ಮಾಸ್ಕಿನ ಅಂಚು, ರೊಟ್ಟಿಯನ್ನು ಒಂದು ತುತ್ತು ಕಚ್ಚಿದಂತೆ, ಅರ್ಧವೃತ್ತಾಕಾರದಲ್ಲಿ ಒಳಸರಿದಿತ್ತು. ಕಚ್ಚಿಹೋದ ಆ ತುತ್ತೇ ಗಂಟು. ಘನ ಗಂಟಿನ ಸಾಂದ್ರತೆ ಸ್ನಾಯುವಿನದಕ್ಕೆ ಹತ್ತಿರವಾದ್ದರಿಂದ, ಎದೆಗೋಡೆಗೆ ಅಂಟಿಕೊಂಡಾಗ ನನ್ನ ಗೆರೆ ಅದನ್ನು ಗೋಡೆಯೆಂದೇ ಎಣಿಸಿತ್ತು.

ಅಂಚಿನ ತಗ್ಗುಗಳನ್ನು ತುಂಬಿಸುವ ಸಂಸ್ಕರಣೆಯನ್ನು ಮಾಡಿದೆ. ಸಣ್ಣ ಗಂಟುಗಳು ಮರಳಿದವು, ದೊಡ್ಡವು ಮರಳಲಿಲ್ಲ. ತುಂಬಿಸುವ ಅಳತೆಯನ್ನು ಹಿಗ್ಗಿಸಿದರೆ ಎರಡು ಶ್ವಾಸಕೋಶಗಳ ನಡುವಿನ ದೊಡ್ಡ ರಕ್ತನಾಳಗಳೂ ಒಳಗೆ ನುಗ್ಗಿದವು.

ಕೊನೆಗೆ ಅಳಿಸುವುದನ್ನೇ ಕೈಬಿಟ್ಟೆ. ಸ್ಕ್ಯಾನ್ ಇದ್ದಂತೆಯೇ ಇರಲಿ, ಅದರ ಜೊತೆಗೆ ಪ್ರತಿಯೊಂದು ಬಿಂದುವೂ ಶ್ವಾಸಕೋಶದ ಅಂಚಿನಿಂದ ಎಷ್ಟು ದೂರದಲ್ಲಿದೆ, ಒಳಗೋ ಹೊರಗೋ ಎಂಬ ನಕ್ಷೆಯನ್ನೂ, ಸ್ಕ್ಯಾನಿನಲ್ಲಿ ಅಂಗಗಳನ್ನೂ ಮೂಳೆಗಳನ್ನೂ ತಾನಾಗಿ ಗುರುತಿಸುವ ಟೋಟಲ್‌ಸೆಗ್ಮೆಂಟೇಟರ್ ಎಂಬ ತಂತ್ರಾಂಶದಿಂದ ಪಡೆದ ಪಕ್ಕೆಲುಬುಗಳ ಗುರುತನ್ನೂ ಪ್ರತ್ಯೇಕ ಚಾನೆಲ್‌ಗಳಾಗಿ, ಅಂದರೆ ಸ್ಕ್ಯಾನಿಗೆ ಹೊಂದುವ ಹೆಚ್ಚುವರಿ ಪದರಗಳಾಗಿ, ಮಾಡೆಲ್‌ಗೆ ಕೊಟ್ಟೆ. ಅಂಚಿನಿಂದ 2 ಮಿಲಿಮೀಟರ್ ಆಚೆಗಿರುವುದನ್ನು ಗಂಟಿರಬಹುದೆಂದು ಅನುಮಾನಿಸಬೇಕು, 30 ಮಿಲಿಮೀಟರ್ ಆಚೆಗಿರುವುದನ್ನು ಬಿಡಬೇಕು ಎಂಬುದನ್ನು ಮಾಡೆಲ್ ತಾನೇ ಕಲಿತುಕೊಂಡಿತು.

ರಕ್ತನಾಳದ ಅಡ್ಡಕೊಯ್ತವೂ ಗಂಟಿನಂತೆಯೇ ದುಂಡಗೆ ಕಾಣುತ್ತದೆ. ರೇಡಿಯಾಲಜಿಸ್ಟ್ ಒಬ್ಬರ ಪಕ್ಕದಲ್ಲಿ ಕುಳಿತಿದ್ದಾಗ ಅವರು ಮೌಸ್ ಚಕ್ರವನ್ನು ಮೇಲೆ ಕೆಳಗೆ ಉರುಳಿಸುತ್ತ, "ನಾಳ ಮುಂದಿನ ಸ್ಲೈಸಿಗೂ ಹರಿಯುತ್ತೆ ನೋಡಿ, ಗಂಟು ಬಂದು ಹೋಗಿಬಿಡುತ್ತೆ" ಎಂದರು. ಮರುದಿನವೇ ಮಾಡೆಲ್ ಒಮ್ಮೆಗೆ ನೋಡುವ ಘನಾಕಾರದ ತುಣುಕಿನ ಎತ್ತರವನ್ನು, ಹೆಚ್ಚು ಸ್ಲೈಸ್‌ಗಳು ಅದರೊಳಗೆ ಬರುವಂತೆ, ಹೆಚ್ಚಿಸಿದೆ.

ಲೂನಾ16ರ ಅಂಕ ಪ್ರತಿ ಸ್ಕ್ಯಾನ್‌ಗೆ 1/8ರಿಂದ 8ರವರೆಗಿನ ಏಳು ಸುಳ್ಳು ಎಚ್ಚರಿಕೆ ಮಟ್ಟಗಳಲ್ಲಿ ಪತ್ತೆಯಾದ ನಿಜವಾದ ಗಂಟುಗಳ ಪ್ರಮಾಣದ ಸರಾಸರಿ. ಆ ಸರಾಸರಿಯಲ್ಲಿ ನನ್ನ ಮೊದಲಿನ ತಪ್ಪು ಅಡಗಿಬಿಡುತ್ತಿತ್ತು. ಆದ್ದರಿಂದ ಎದೆಗೋಡೆಗೆ ಅಂಟಿದ ಗಂಟುಗಳನ್ನು ಬೇರೆಯಾಗಿಯೇ ಎಣಿಸಿದೆ. ತರಬೇತಿಯ ವೇಳೆ ಮಾಸ್ಕನ್ನು ಅಲ್ಲಲ್ಲಿ ಬೇಕೆಂದೇ ಕೆಡಿಸುತ್ತೇನೆ, ಮಾಡೆಲ್ ಅದನ್ನು ಕುರುಡಾಗಿ ನಂಬಬಾರದೆಂದು. ಎದೆಯಲ್ಲಿ ನೀರು ತುಂಬಿದ ರೋಗಿಯ ಸ್ಕ್ಯಾನ್ ಬಂದರೆ ಮಾತ್ರ ಮಾಸ್ಕ್ ಅರ್ಧ ಶ್ವಾಸಕೋಶವನ್ನೇ ಕಳೆದುಕೊಳ್ಳುವುದುಂಟು. ಅಂಥವನ್ನು ಈಗಲೂ ನಾನೇ ತೆರೆದು ನೋಡುತ್ತೇನೆ.