ಬಿದ್ರಿಗೆ ಕಿಟಕಿಯ ಬೆಳಕೇ ಸಾಕು

ಬೀದರಿನಲ್ಲಿ ಬಿದ್ರಿ ಸಾಮಾನುಗಳ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸಿದ ಸಾಮಾನುಗಳ, ಫೋಟೋ ತೆಗೆಯುವುದು ನನ್ನ ಕೆಲಸ. ಫ್ಲ್ಯಾಶ್ ಬಳಸುವುದಿಲ್ಲ. ಫೋಟೋಗ್ರಫಿಯ ಮೊದಲ ದಿನಗಳವರು ಕಲಾವಸ್ತುಗಳನ್ನು ಹೇಗೆ ತೆಗೆದರೆಂದು ನೋಡುತ್ತ ನೋಡುತ್ತ ಈ ದಾರಿಗೆ ಬಂದೆ.

ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ 1844ರಲ್ಲಿ ಕಂತುಗಳಲ್ಲಿ ಹೊರತರಲು ಶುರುಮಾಡಿದ ಪುಸ್ತಕದಲ್ಲಿ, ಸಾಲುಸಾಲಾಗಿ ಜೋಡಿಸಿಟ್ಟ ಪಿಂಗಾಣಿ ಸಾಮಾನುಗಳ ಚಿತ್ರವಿದೆ. ಪಟ್ಟಿ ಬರೆಯುವಷ್ಟು ಹೊತ್ತಿನಲ್ಲೇ ಇಡೀ ಸಂಗ್ರಹದ ಚಿತ್ರ ಸಿಗುತ್ತದೆ, ಕಳುವಾದರೆ ಕೋರ್ಟಿನಲ್ಲಿ ಸಾಕ್ಷಿಯೂ ಆದೀತು ಎಂಬುದು ಅವನ ಮಾತು. ಆಗಲೇ ಫೋಟೋ ಮಾಲೀಕನ ಪರ ನಿಂತಿತ್ತು. ಮಾಡಿದವನ ಕೈ ಅದರಲ್ಲಿಲ್ಲ. 1851ರ ಲಂಡನ್ ಮಹಾಪ್ರದರ್ಶನಕ್ಕೆ ನಮ್ಮ ಬಿದ್ರಿಯೂ ಹೋಗಿತ್ತು. ಹುಕ್ಕಾದ ಬುಡ ಅಲ್ಲಿ ಹುಕ್ಕಾದಿಂದ ಕಳಚಿ, ನೋಡುವ ವಸ್ತುವಾಯಿತು.

ಇಂಗ್ಲೆಂಡಿನ ಫೋಟೋಗ್ರಾಫರ್ ಥರ್ಸ್ಟನ್ ಥಾಂಪ್ಸನ್ 1853ರಲ್ಲಿ ವೆನಿಸ್ಸಿನ ಕನ್ನಡಿಯೊಂದನ್ನು ತೆಗೆದಾಗ ಗಾಜಿನಲ್ಲಿ ಅವನೂ ಅವನ ಕ್ಯಾಮೆರಾವೂ ಮೂಡಿದವು. ನನಗೆ ಬಹಳ ಪ್ರಿಯವಾದ ಚಿತ್ರ ಅದು. ಬೆಳ್ಳಿಯ ಸ್ವಭಾವವೂ ಇದೇ, ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ಕತ್ತಲ ಕೋಣೆ ಎದುರಾದರೆ ತಂತಿ ಕೆಲಸವೆಲ್ಲ ಕಪ್ಪಿನೊಳಗೆ ಮುಳುಗಿಹೋಗುತ್ತದೆ.

ಅದಕ್ಕೇ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟುತ್ತೇನೆ. ಎದುರು ಬದಿಗೆ ಬಿಳಿ ರಟ್ಟು. ಬೆಳ್ಳಿಯಲ್ಲಿ ನಾನೂ ಕ್ಯಾಮೆರಾವೂ ಮೂಡದಂತೆ ಕ್ಯಾಮೆರಾ ಮುಂದೆ ಕರಿ ಬಟ್ಟೆ, ಲೆನ್ಸಿನಷ್ಟೇ ತೂತು. ಬೆಳಕಿಗೆ ಸ್ಪಂದಿಸುವ ಮಟ್ಟ ಕಡಿಮೆ, ಐಎಸ್ಒ 100; ಟ್ರೈಪಾಡ್, ಶಟರ್ ತೆರೆದಿರುವುದು ಒಂದೆರಡು ಸೆಕೆಂಡು. ಬೆಳಕು ಅಳೆಯುವ ಮೀಟರಿನ ಮಾತು ಕೇಳಿದರೆ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಬೆಳಕನ್ನು ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧಕ್ಕೆ) ಇಳಿಸಲೇಬೇಕು. ಆ ಕಪ್ಪೇ ಬಿದ್ರಿಯ ಜೀವ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಲೋಹಕ್ಕೆ ನಮ್ಮ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿನೀರು ತಾಗಿದಾಗ ಬರುವ ಬಣ್ಣ. ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಹಳೆಯ ಕಾಲದ ಫೋಟೋ ತೆಗೆಯುವ ಗಾಜಿನ ಕೊಲೋಡಿಯನ್ ಪ್ಲೇಟಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಬೆಳ್ಳಗಾಗುತ್ತಿತ್ತು. ಲೋಹದ ಮೇಲಿನ ಬಣ್ಣದ ಗಾಜಿನ ಲೇಪವಾದ ಮೀನಾಕಾರಿ ಆ ಚಿತ್ರಗಳಲ್ಲಿ ಕೆಟ್ಟುಹೋಗುತ್ತಿತ್ತು. ಕಪ್ಪು-ಬಿಳುಪಿನ ಬಿದ್ರಿಗೆ ಆ ನಷ್ಟವಿಲ್ಲ.

ಬೀದರಿನ ಹಳೆಯ ಗೋಪುರ ಚೌಬಾರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಸುರಾಹಿಯ, ಅಂದರೆ ಉದ್ದ ಕತ್ತಿನ ಹೂಜಿಯ, ಫೋಟೋ ತೆಗೆಯುವಾಗ ಹಿರಿಯ ಕುಶಲಕರ್ಮಿಯೊಬ್ಬರು, "ಬುಡಾನೂ ತೆಗೀರಿ ಸರ, ಕೆಲಸ ಎಂಥಾದು ಅಂತ ಅಲ್ಲೇ ತಿಳೀತದ" ಎಂದರು.

"ಹೂಂ ಚಾಚಾ, ತಿರುಗಿಸಿ ಇಡ್ರಿ" ಎಂದೆ.

ಬುಡದ ಅಂಚಿನಲ್ಲಿ, ಕೂದಲೆಳೆಯಂಥ ತಂತಿ ಒಂದು ಬಳ್ಳಿಯಿಂದ ಇನ್ನೊಂದು ಬಳ್ಳಿಗೆ ತಿರುಗುವ ಜಾಗದಲ್ಲಿ, ಉಳಿಯ ಗೆರೆಯೊಂದು ತಂತಿಯಿಂದಾಚೆ ಸ್ವಲ್ಪ ಜಾರಿತ್ತು. ಓರೆ ಬೆಳಕಿನಲ್ಲಿ ಮಾತ್ರ ಕಾಣುವಂಥದ್ದು. ಫೋಟೋದಲ್ಲಿ ಅದನ್ನು ಅಳಿಸದೆ ಹಾಗೇ ಉಳಿಸಿದೆ. ಅದು ಒಬ್ಬರ ಕೈ.

ಈಗ ಪ್ರತಿ ವಸ್ತುವಿನ ಜೊತೆ ಎರಕ ಹೊಯ್ದವರು, ಗೆರೆ ಕೊರೆದವರು, ಬೆಳ್ಳಿ ಕೂರಿಸಿದವರು, ಕಪ್ಪು ಏರಿಸಿದವರು, ಇವರೆಲ್ಲರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆದಿಡುತ್ತೇನೆ. ಫೋಟೋದ ಒಂದು ಪ್ರತಿ ಮೊದಲು ಅವರಿಗೆ, ಆಮೇಲೆ ಕೊಳ್ಳುವವರಿಗೆ.