ಪೇಷೆಂಟ್ ಕಡೆಯವರು ಇಲ್ಲದ ವಾರ್ಡ್

ಊರಿಂದ ಫೋನ್ ಮಾಡುವ ಜೂನಿಯರ್ ನರ್ಸ್‌ಗಳು ಪರೀಕ್ಷೆ ಕಷ್ಟವಾ, ಸಂಬಳ ಎಷ್ಟು, ವೀಸಾ ಯಾವಾಗ ಬರುತ್ತದೆ ಅಂತ ಕೇಳುತ್ತಾರೆ. ಇಂಗ್ಲೆಂಡಿಗೆ ಬಂದು ವಾರ್ಡ್‌ನಲ್ಲಿ ನಿಂತ ಮೇಲೆ ಏನಾಗುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಕಷ್ಟವಾಗಿದ್ದು ಅಲ್ಲೇ. ಅದಕ್ಕೇ ಪರೀಕ್ಷೆಯ ಮಾತು ಬೇಗ ಮುಗಿಸಿ ವಾರ್ಡಿನ ಮಾತಿಗೆ ಬರುತ್ತೇನೆ.

ನಾನು ಹಾಸನ ಕಡೆಯವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದೆ. ಈಗ ಉತ್ತರ ಇಂಗ್ಲೆಂಡಿನ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದರಲ್ಲಿ, ವಯಸ್ಸಾದವರ ವಾರ್ಡ್‌ನಲ್ಲಿದ್ದೇನೆ.

ಬ್ರಿಟನ್ನಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸುವುದು ಎನ್‌ಎಂಸಿ, ಅಂದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಬರೆದರೆ ಓದು, ಕೇಳು, ಮಾತು ಮೂರರಲ್ಲೂ 7 ಬೇಕು, ಬರವಣಿಗೆಯಲ್ಲಿ 6.5 ಸಾಕು. ಅದರ ಬದಲು ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಕೂಡ ನಡೆಯುತ್ತದೆ. ಕಂಪ್ಯೂಟರ್‌ನಲ್ಲಿ ಬರೆಯುವ ಸಿಬಿಟಿಯನ್ನು ಭಾರತದಲ್ಲೇ ಮುಗಿಸಬಹುದು. ಇಲ್ಲಿಗೆ ಬಂದ ಮೇಲೆ ಓಸ್ಕಿ, ಅದು 10 ಸ್ಟೇಷನ್‌ಗಳ ಪ್ರಾಯೋಗಿಕ ಪರೀಕ್ಷೆ. ಓಸ್ಕಿಯಲ್ಲಿ ನೆನಪಿಡಬೇಕಾದ್ದು ಒಂದೇ: ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕೈ ತೊಳೆದೆ, ಹೆಸರು ಮತ್ತು ಹುಟ್ಟಿದ ದಿನ ಕೇಳಿದೆ, ಕೈಪಟ್ಟಿ ನೋಡಿದೆ, ಅಲರ್ಜಿ ಇದೆಯಾ ಕೇಳಿದೆ, ಒಪ್ಪಿಗೆ ತಗೊಂಡೆ. ಮನಸ್ಸಿನಲ್ಲೇ ಮಾಡಿಕೊಂಡದ್ದು ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು? ನಾನು ರೂಮಿನಲ್ಲಿ ದಿಂಬನ್ನು ಪೇಷೆಂಟ್ ಮಾಡಿಕೊಂಡು ಜೋರಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಜೊತೆಗಿದ್ದವರಲ್ಲಿ ಹೆಚ್ಚಿನವರು ಕೇರಳದವರು. ಅವರಲ್ಲೂ ಕೆಲವರು ಕರ್ನಾಟಕದಲ್ಲೇ ನರ್ಸಿಂಗ್ ಓದಿದವರು. ಮಂಗಳೂರಿನ ಹಾಸ್ಟೆಲ್‌ನಲ್ಲಿ ಕಿವಿಗೆ ಬಿದ್ದ ಮಲಯಾಳಂ ನನಗೆ ಇಲ್ಲಿ ಉಪಯೋಗಕ್ಕೆ ಬಂತು.

ಇನ್ನು ವಾರ್ಡ್.

ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ಹಾಸಿಗೆಯ ಪಕ್ಕ ಒಬ್ಬರು ಇರುತ್ತಾರೆ, ಅಲ್ವಾ? ಹೆಂಡತಿ, ಮಗ, ಸೊಸೆ, ಇಲ್ಲಾಂದ್ರೆ ಊರಿಂದ ಬಂದ ಚಿಕ್ಕಪ್ಪ. ಊಟ ತಿನ್ನಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು, ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಅವರೇ. "ಸಿಸ್ಟರ್, ಯಾಕೋ ಇವ್ರು ಸರಿಯಾಗಿ ಮಾತಾಡ್ತಿಲ್ಲ" ಅಂತ ಓಡಿ ಬಂದು ಹೇಳುವವರೂ ಅವರೇ. ಇನ್ನೊಂದು ಕಡೆ ಡ್ಯೂಟಿ ಡಾಕ್ಟರ್ ಹತ್ತಿರದಲ್ಲೇ ಇರುತ್ತಾರೆ. ಈ ಇಬ್ಬರ ನಡುವೆ ನರ್ಸ್ ಇಂಜೆಕ್ಷನ್, ಡ್ರಿಪ್, ಆರ್ಡರ್, ಕೇಸ್ ಶೀಟ್ ನೋಡಿಕೊಳ್ಳುತ್ತಾಳೆ.

ಇಲ್ಲಿ ಪೇಷೆಂಟ್ ಕಡೆಯವರು ನೋಡಲು ಬಂದು ಹೋಗುತ್ತಾರೆ, ಅಷ್ಟೇ. ರಾತ್ರಿ ಡಾಕ್ಟರ್ ಒಬ್ಬರೇ ಹಲವು ವಾರ್ಡ್ ನೋಡುತ್ತಿರುತ್ತಾರೆ. ಹಾಗಾಗಿ ಮನೆಯವರು ಮಾಡುತ್ತಿದ್ದ ಕೆಲಸವೂ, ಡ್ಯೂಟಿ ಡಾಕ್ಟರ್ ಮೊದಲು ಬಂದು ನೋಡಿ ಅಂದಾಜು ಮಾಡುತ್ತಿದ್ದ ಕೆಲಸದ ಒಂದು ಪಾಲೂ ನರ್ಸ್ ಕೈಗೆ ಬರುತ್ತದೆ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಇದು ಅರ್ಥವಾದ ಮೇಲೆ ನನಗೆ ಉಳಿದದ್ದೆಲ್ಲ ಸಲೀಸಾಯಿತು.

ಬೆಳಗಿನ ಸ್ನಾನದಿಂದಲೇ ಶುರು ಮಾಡುತ್ತೇನೆ. ಬಂದ ಹೊಸದರಲ್ಲಿ ನಮ್ಮವರು ಅನೇಕರು ಇದರಿಂದಲೇ ನೊಂದುಕೊಳ್ಳುತ್ತಾರೆ. "ನಾಲ್ಕು ವರ್ಷ ಡಿಗ್ರಿ ಓದಿ ಇಲ್ಲಿ ಬಂದು ಮೈ ತೊಳೀಬೇಕಾ?" ಅನ್ನುತ್ತಾರೆ. ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳು ಇರುತ್ತಾರೆ ನಿಜ, ಆದರೆ ನರ್ಸ್ ಕೂಡ ಕೈ ಹಾಕಲೇಬೇಕು. ನಾನು ಇದನ್ನು ಕೀಳು ಕೆಲಸ ಅಂದುಕೊಳ್ಳಲಿಲ್ಲ. ಅದಕ್ಕೆ ಕಾರಣ ಒಬ್ಬ ಅಜ್ಜ.

ಅವರು ಹಿಂದೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದವರು, ಮಾತು ಕಡಿಮೆ. ಬಿಸಿನೀರಿನ ಬೋಗುಣಿ ಇಟ್ಟುಕೊಂಡು, ಪರದೆ ಎಳೆದು, ಮುಖ ಒರೆಸಿ, ಹಲ್ಲಿನ ಸೆಟ್ ತೊಳೆದುಕೊಟ್ಟು, ಕಿವಿಯ ಮಿಷನ್ ಹಾಕಿದೆ. ಆಮೇಲೆ ಕಾಲು ಒರೆಸುವಾಗ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಕೆಂಪು ಕಂಡಿತು. ಬೆರಳಿಂದ ಒತ್ತಿ ಬಿಟ್ಟೆ. ಚರ್ಮ ಚೆನ್ನಾಗಿದ್ದರೆ ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾಗುತ್ತದೆ. ಇದು ಬಿಳಿಚಲೇ ಇಲ್ಲ. ಅಂದರೆ ಮಲಗಿದಲ್ಲೇ ಮಲಗಿ ಆಗುವ ಒತ್ತಡದ ಹುಣ್ಣಿನ ಮೊದಲ ಹಂತ. ಅವತ್ತೇ ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದೆವು. ಗಾಳಿ ಹಾಸಿಗೆ ತರಿಸಿದೆವು. ದೇಹದ ನಕ್ಷೆಯಲ್ಲಿ ಗುರುತು ಹಾಕಿ, ಡೇಟಿಕ್ಸ್ ಅನ್ನುವ, ಇಂಥ ಘಟನೆಗಳನ್ನು ವರದಿ ಮಾಡುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಿಸಿದೆವು. ಹುಣ್ಣು ಒಡೆಯಲಿಲ್ಲ. ಬೋಗುಣಿ ಹಿಡಿದು ಕೂರದಿದ್ದರೆ ಆ ಕೆಂಪು ನನಗೆ ಕಾಣುತ್ತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವರ ಉಸಿರು, ಬಾಯಿಯ ಒಣಗು, ಕೈ ಎತ್ತುವ ಶಕ್ತಿ, ಮಾತಿನ ಹಿಡಿತ ಎಲ್ಲವನ್ನೂ ನೋಡಿ ಆಗಿತ್ತು.

ನಮ್ಮ ಅನುಭವ ಇಲ್ಲಿಯವರಿಗೆ ಉಪಯೋಗಕ್ಕೆ ಬರುವುದೂ ಇಂಥ ಕಡೆಯೇ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಮುಟ್ಟಿ ನೋಡಬೇಕು. ಬೆರಳ ಹಿಂಭಾಗ ಇಟ್ಟರೆ ಆ ಜಾಗ ಸುತ್ತಲಿಗಿಂತ ಬಿಸಿ ಇರಬಹುದು, ಒತ್ತಿದರೆ ಗಟ್ಟಿ ಇರಬಹುದು, ಪೇಷೆಂಟ್ ನೋವು ಅನ್ನಬಹುದು. ಬೆಂಗಳೂರಿನಲ್ಲಿ ನಾವು ನೋಡುತ್ತಿದ್ದದ್ದೆಲ್ಲ ನಮ್ಮ ಬಣ್ಣದವರನ್ನೇ. ಹಾಗಾಗಿ ನನ್ನ ಕೈಗೆ ಅದು ಅಭ್ಯಾಸ. ಕೆರಿಬಿಯನ್ ಮೂಲದ ಒಬ್ಬ ಅಜ್ಜಿಯ ಸೊಂಟದ ಕೆಳಗೆ ಹೀಗೆ ಮುಟ್ಟಿ ತೋರಿಸಿದಾಗ ಜೊತೆಗಿದ್ದ ಹುಡುಗಿ ತಕ್ಷಣ ತಾನೂ ಮುಟ್ಟಿ ನೋಡಿದಳು. ಆಮೇಲೆ ವಾರ್ಡ್ ಮ್ಯಾನೇಜರ್ ಇದನ್ನು ಹ್ಯಾಂಡ್‌ಓವರ್‌ನಲ್ಲಿ, ಅಂದರೆ ಶಿಫ್ಟ್ ಬದಲಾಗುವಾಗ ಕೆಲಸ ಒಪ್ಪಿಸುವ ಹೊತ್ತಿನಲ್ಲಿ, ಎಲ್ಲರಿಗೂ ಹೇಳಿಸಿದರು. ನನಗೆ ತುಂಬ ಖುಷಿಯಾಯಿತು.

ಪೇಷೆಂಟನ್ನು ಎತ್ತುವುದು ಮಾತ್ರ ಪೂರ್ತಿ ಬಿಡಬೇಕು. ನಮ್ಮಲ್ಲಿ ನಾಲ್ಕು ಜನ ಸೇರಿ "ಒಂದು, ಎರಡು, ಮೂರು" ಅಂತ ಬೆಡ್‌ಶೀಟ್ ಹಿಡಿದು ಎತ್ತುತ್ತೇವೆ. ಇಲ್ಲಿ ಜಾರಿಸಿ ಸರಿಸುವ ಸ್ಲೈಡ್ ಶೀಟ್ ಅಥವಾ ಎತ್ತುವ ಯಂತ್ರ ಹಾಯ್ಸ್ಟ್. ಮೊದಮೊದಲು ಸುಮ್ನೆ ತಡ ಅನ್ನಿಸಿದರೂ, ಬೆನ್ನು ಉಳಿಯಬೇಕಾದರೆ ಇದೇ ಸರಿ.

ಈಗ ಡಾಕ್ಟರ್ ದೂರ ಇರುವ ವಿಷಯ. ನನಗೆ ಜಾಸ್ತಿ ಅಭ್ಯಾಸ ಬೇಕಾದದ್ದು ಇದಕ್ಕೇ.

ಪೇಷೆಂಟ್ ಹದಗೆಡುತ್ತಿರುವುದನ್ನು ಬೇಗ ಗುರುತಿಸಲು ಇಲ್ಲಿ ನ್ಯೂಸ್-2 ಅಂತ ಒಂದು ಲೆಕ್ಕ ಇದೆ. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಪದ್ಧತಿ. ಉಸಿರಾಟ, ಆಕ್ಸಿಜನ್ ಮಟ್ಟ, ಆಕ್ಸಿಜನ್ ಕೊಡುತ್ತಿದ್ದೇವಾ ಇಲ್ಲವಾ, ಬಿಪಿ, ನಾಡಿ, ಎಚ್ಚರ, ಜ್ವರ, ಪ್ರತಿಯೊಂದಕ್ಕೂ ಅಂಕ. ಒಟ್ಟು 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು. 7 ಅಥವಾ ಮೇಲಾದರೆ ತುರ್ತು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೆಲಸದ ಒತ್ತಡದಲ್ಲಿ ಎಲ್ಲ ಕಡೆ ಮೊದಲು ಕೈಬಿಡುವುದು ಈ ಎಣಿಕೆಯನ್ನೇ, ಆದರೆ ಪೇಷೆಂಟ್ ಹದಗೆಡುವುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಅದರಲ್ಲೇ.

ಒಂದು ನೈಟ್ ಡ್ಯೂಟಿ. ನ್ಯುಮೋನಿಯಾ ಆಗಿದ್ದ ಒಬ್ಬ ಅಜ್ಜಿ. ಉಸಿರು 24, ಅದಕ್ಕೆ 2. ಹೊರಗಿಂದ ಆಕ್ಸಿಜನ್ ಕೊಡದೆ ಅದರ ಮಟ್ಟ 93, ಅದಕ್ಕೆ 2. ನಾಡಿ 112, ಅದಕ್ಕೂ 2. ಜ್ವರ 38.4 ಡಿಗ್ರಿ, ಅದಕ್ಕೆ 1. ಬಿಪಿ ಚೆನ್ನಾಗಿತ್ತು, ಎಚ್ಚರವಾಗಿ ಮಾತಾಡುತ್ತಿದ್ದರು. ಬಿಪಿ ಮಾತ್ರ ನೋಡಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಒಟ್ಟು 7.

ಬೆಂಗಳೂರಿನಲ್ಲಾಗಿದ್ದರೆ ಫೋನ್ ಮಾಡಿ ಅಂಕಿಗಳನ್ನು ಓದಿ, "ಏನ್ ಮಾಡ್ಲಿ ಸರ್?" ಅನ್ನುತ್ತಿದ್ದೆ. ನಾವೆಲ್ಲ ಕಲಿತದ್ದೇ ಹಾಗೆ. ಇಲ್ಲಿ ಎಸ್‌ಬಾರ್ ಅನ್ನುವ ಕ್ರಮದಲ್ಲಿ ಹೇಳಬೇಕು. ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನಿಮ್ಮಿಂದ ಏನು ಬೇಕು. ಮೊದಲ ಎರಡು ನಮಗೆ ನೀರು ಕುಡಿದಷ್ಟು ಸುಲಭ. ಕೊನೆಯ ಎರಡಕ್ಕೆ ಗಂಟಲು ಕಟ್ಟುತ್ತದೆ. ಅದಕ್ಕೆ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಫೋನ್ ಎತ್ತುವ ಮೊದಲು ಹ್ಯಾಂಡ್‌ಓವರ್ ಹಾಳೆಯ ಹಿಂದೆ ಕೊನೆಯ ಎರಡು ವಾಕ್ಯ ಬರೆದುಕೊಳ್ಳುತ್ತಿದ್ದೆ. ಅವತ್ತೂ ಬರೆದುಕೊಂಡೇ ಹೇಳಿದೆ: "ಇದು ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಹದಗೆಡುವ ಸ್ಥಿತಿ) ಇರಬಹುದು ಅಂತ ನನಗೆ ಅನ್ನಿಸುತ್ತದೆ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ನಾನು ಏನು ಶುರು ಮಾಡಲಿ?" ಡಾಕ್ಟರ್ ಬಂದರು. ರಕ್ತ ಕಳಿಸಿ, ಆಂಟಿಬಯೋಟಿಕ್ ಬದಲಿಸಿದರು. ಬೆಳಗಾಗುವ ಹೊತ್ತಿಗೆ ಅಜ್ಜಿಯ ಉಸಿರು ಇಳಿದಿತ್ತು. ಹೋಗುವಾಗ ಆ ಡಾಕ್ಟರ್ ನನ್ನ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದರು. ನಾನೂ ಅವರ ಹೆಸರನ್ನೇ ಹಿಡಿದು ಮಾತಾಡಿದೆ. ಇಲ್ಲಿ ಸರ್, ಮೇಡಂ ಇಲ್ಲ. ನಾಲಿಗೆ ಅದಕ್ಕೆ ಒಗ್ಗಲು ಟೈಮ್ ಬೇಕು, ಅವಸರ ಬೇಡ.

ಲ್ಯಾಬ್ ಅಂಕಿಗಳ ಬಗ್ಗೆ ಹೊರಡುವ ಮೊದಲೇ ಓದಿಕೊಂಡು ಬನ್ನಿ. ಅಳತೆಯ ಮಾನವೇ ಬೇರೆ, ನಮ್ಮಲ್ಲಿ ಶುಗರ್ 180 ಅನ್ನುವುದು ಇಲ್ಲಿ 10. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿನದು ಸಿಗುತ್ತದೆ. 4ಕ್ಕಿಂತ ಕೆಳಗಿದ್ದರೆ ಶುಗರ್ ಇಳಿದಿದೆ ಅಂತ ತಕ್ಷಣ ಏನಾದರೂ ಕೊಡಬೇಕು. ಹಿಮೋಗ್ಲೋಬಿನ್ 12 ಇಲ್ಲಿ 120. ಕ್ರಿಯಾಟಿನಿನ್ 1 ಇಲ್ಲಿ ಸುಮಾರು 88. ಮಾತ್ರೆಗಳೂ ಹಾಗೇ. ನಮಗೆ ಬಾಯಿಗೆ ಬರುವುದು ಡೋಲೋ, ಮೋನೋಸೆಫ್, ಲ್ಯಾಸಿಕ್ಸ್ ಅನ್ನುವ ಕಂಪನಿ ಹೆಸರುಗಳು. ಇಲ್ಲಿ ಚಾರ್ಟ್‌ನಲ್ಲಿ ಪ್ಯಾರಾಸಿಟಮಾಲ್, ಸೆಫ್ಟ್ರಿಯಾಕ್ಸೋನ್, ಫ್ಯೂರೋಸೆಮೈಡ್ ಅಂತಲೇ ಇರುತ್ತದೆ. ಡೋಲೋ 650 ಇಲ್ಲ, 500ರ ಎರಡು ಮಾತ್ರೆ. ನಾನು ಚಿಕ್ಕ ಪುಸ್ತಕದಲ್ಲಿ ಎರಡು ಸಾಲು ಮಾಡಿ, ಎಡಕ್ಕೆ ನಮ್ಮ ಹೆಸರು, ಬಲಕ್ಕೆ ಇಲ್ಲಿನ ಹೆಸರು ಬರೆದುಕೊಂಡೆ. ಬಿಎನ್‌ಎಫ್ ಅನ್ನುವ ಔಷಧಿ ಪುಸ್ತಕದ ಆ್ಯಪ್ ಫೋನಿನಲ್ಲೇ ಇರಲಿ.

ಸಾವಿನ ಬಗ್ಗೆ ಎರಡು ಮಾತು. ಹೃದಯ ನಿಂತರೆ ಸಿಪಿಆರ್ ಮಾಡಬಾರದು ಅನ್ನುವ ತೀರ್ಮಾನ ಇಲ್ಲಿ ಎಷ್ಟೋ ಹಿರಿಯರಿಗೆ ಮೊದಲೇ ಆಗಿ, ಫೈಲಿನಲ್ಲಿ ಇರುತ್ತದೆ. ನಾನು ಬಂದದ್ದು ಕೊನೆಯ ಉಸಿರಿನ ತನಕ ಎದೆ ಒತ್ತುವ ವಾರ್ಡಿನಿಂದ. ಕೈ ಕಟ್ಟಿಕೊಂಡು ನಿಲ್ಲುವುದು ಹೇಗೆ ಅನ್ನಿಸಿತು. ಆದರೆ ಕೈ ಕಟ್ಟಿಕೊಂಡು ನಿಲ್ಲುವುದೇನೂ ಇಲ್ಲ. ಸಿರಿಂಜ್ ಡ್ರೈವರ್ ಅನ್ನುವ ಚಿಕ್ಕ ಪಂಪ್‌ನಿಂದ ನೋವಿನ ಔಷಧಿ ನಿಧಾನವಾಗಿ ಹೋಗುತ್ತಿರುತ್ತದೆ. ಬಾಯಿ ಒದ್ದೆ ಮಾಡಬೇಕು, ಮಗ್ಗುಲು ಬದಲಿಸಬೇಕು, ಮನೆಯವರನ್ನು ಕರೆಸಿ ಕೂರಿಸಬೇಕು. ನೋವಿಲ್ಲದೆ ಹೋದವರನ್ನು ನೋಡಿದ ಮೇಲೆ ಇದು ದೊಡ್ಡ ಕೆಲಸ ಅಂತ ಮನಸ್ಸಿಗೆ ಬಂತು. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಮಾಡಿದೆ. ನಮ್ಮ ಕಡೆಯ ನರ್ಸ್‌ಗಳಿಗೂ ಈ ಕಲಿಕೆ ಬೇಕಾಗುತ್ತದೆ.

ಏಜೆಂಟರಿಗೆ ದುಡ್ಡು ಕೊಡಬೇಡಿ. ಬ್ರಿಟನ್ ಸರ್ಕಾರದ ನೇಮಕಾತಿ ನಿಯಮದ ಪ್ರಕಾರ ಕೆಲಸ ಕೊಡಿಸಲು ನರ್ಸ್‌ನಿಂದ ಫೀಸ್ ತಗೊಳ್ಳುವ ಹಾಗಿಲ್ಲ. ಆಫರ್ ಪತ್ರ ಬಂದಾಗ, ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಕಟ್ಟಬೇಕು ಅನ್ನುವ ಷರತ್ತನ್ನು ಸಹಿಗೆ ಮೊದಲು ಓದಿ.

ಕೊನೆಗೆ, ನನಗೆ ಇವತ್ತಿಗೂ ಒಪ್ಪಿಗೆಯಾಗದ ಒಂದು ವಿಷಯ. ಬೆಂಗಳೂರಿನಲ್ಲಿ ದಿನವಿಡೀ ಕ್ಯಾನುಲಾ (ಡ್ರಿಪ್‌ಗಾಗಿ ನರಕ್ಕೆ ಹಾಕುವ ಸಣ್ಣ ಕೊಳವೆ) ಹಾಕುತ್ತಿದ್ದವಳು ನಾನು. ನರ ಸಿಗದ ಪೇಷೆಂಟ್ ಇದ್ದರೆ ಪಕ್ಕದ ವಾರ್ಡಿನವರೂ ನನ್ನನ್ನೇ ಕರೆಯುತ್ತಿದ್ದರು. ಇಲ್ಲಿ ಪಿನ್, ಅಂದರೆ ಎನ್‌ಎಂಸಿ ನೋಂದಣಿ ಸಂಖ್ಯೆ ಬಂದ ಮೇಲೂ ಕ್ಯಾನುಲಾ ಮುಟ್ಟುವ ಹಾಗಿಲ್ಲ, ಐವಿ ಔಷಧಿ (ನರಕ್ಕೆ ನೇರವಾಗಿ ಕೊಡುವುದು) ಕೊಡುವ ಹಾಗಿಲ್ಲ. ಆಸ್ಪತ್ರೆಯವರ ತರಬೇತಿ ಆಗಬೇಕು, ಅವರ ಎದುರು ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಪಂಪ್ ಬೇರೆ, ಔಷಧಿ ಕಲಸುವ ರೀತಿ ಬೇರೆ, ಹಾಗಾಗಿ ಪರೀಕ್ಷಿಸುವುದು ನ್ಯಾಯವೇ. ಆದರೆ ತರಬೇತಿಯ ದಿನ ಸಿಗದೆ ತಿಂಗಳುಗಟ್ಟಲೆ ಕಾಯಿಸುವುದು ಸರಿಯಲ್ಲ. ಕೈ ಮರೆಯುತ್ತದೆ, ಮನಸ್ಸು ಕುಗ್ಗುತ್ತದೆ, ಇತ್ತ ಪೇಷೆಂಟ್ ಆಂಟಿಬಯೋಟಿಕ್‌ಗೆ ಕಾಯುತ್ತಿರುತ್ತಾರೆ. ಮುಜುಗರ ಬಿಟ್ಟು ಕೇಳಿ. ನಾನು ನರ್ಸ್‌ಗಳ ತರಬೇತಿ ನೋಡಿಕೊಳ್ಳುವ ಪ್ರಾಕ್ಟೀಸ್ ಎಜುಕೇಟರ್‌ಗೆ ಮೇಲ್ ಹಾಕಿ, ಯಾರಾದರೂ ತಪ್ಪಿಸಿಕೊಂಡರೆ ಆ ಜಾಗ ನನಗೆ ಕೊಡಿ ಅಂತ ಬರೆದೆ. ಹಾಗೇ ಸಿಕ್ಕಿತು. ಈಗ ಹೊಸಬರ ಜೊತೆ ಇರುವ ಜವಾಬ್ದಾರಿ ನನ್ನದು. ಪಿನ್ ಬಂದ ವಾರವೇ ಅವರ ಐವಿ ತರಬೇತಿಯ ದಿನ ಬುಕ್ ಆಗಬೇಕು ಅಂತ ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ, ಅವರು ಒಪ್ಪಿದರು. ಹೋದ ಸಲ ಕೊಟ್ಟಾಯಂನಿಂದ ಬಂದ ಹುಡುಗನಿಗೆ ಮೊದಲು ಹಾಗೆ ಬುಕ್ ಮಾಡಿಸಿದೆವು. ಈಗ ನಮ್ಮ ವಾರ್ಡ್‌ನಲ್ಲಿ ನರ ಸಿಗದಿದ್ದರೆ ಎಲ್ಲರೂ ಅವನನ್ನೇ ಕರೆಯುತ್ತಾರೆ.