ಯೂಟ್ಯೂಬ್‌ನ ಹಿರಿಯ ಮೇಷ್ಟ್ರುಗಳಿಂದ ನಿಜವಾಗ್ಲೂ ಕಲಿಯೋದು ಹೇಗೆ

ಕ್ಲಾಸಲ್ಲಿ ತಲೆಗೆ ಹತ್ತದ ಪಾಠಾನ ಯೂಟ್ಯೂಬಲ್ಲಿ ವಯಸ್ಸಾದ ಮೇಷ್ಟ್ರೊಬ್ರು ಅವಸರ ಇಲ್ದೆ ಹೇಳ್ಕೊಟ್ಟಾಗ ಪಟ್ಟಂತ ಅರ್ಥ ಆದಂಗೆ ಅನ್ಸುತ್ತೆ, ಆದ್ರೆ ಮಾರನೇ ದಿನ ಅದೇ ಲೆಕ್ಕ ಮುಂದೆ ಬಂದ್ರೆ ಪೆನ್ನು ಓಡಲ್ಲ. 2013ರಲ್ಲಿ ಶಾನಾ ಕಾರ್ಪೆಂಟರ್ ಅನ್ನೋ ಸೈಕಾಲಜಿ ಸಂಶೋಧಕಿ ಮತ್ತವರ ಜೊತೆಗಾರರು ಒಂದೇ ಪಾಠಾನ ಒಬ್ರೇ ಟೀಚರ್ ಹತ್ರ ಎರಡು ಥರ ವಿಡಿಯೋ ಮಾಡಿಸಿದ್ರು. ಒಂದ್ರಲ್ಲಿ ನೇರವಾಗಿ ನಿಂತು ಕ್ಯಾಮೆರಾ ನೋಡ್ತಾ ಸಲೀಸಾಗಿ ಹೇಳೋದು, ಇನ್ನೊಂದ್ರಲ್ಲಿ ನೋಟ್ಸ್ ನೋಡ್ಕೊಂಡು ತಡವರಿಸೋದು. ಸಲೀಸಾದ ವಿಡಿಯೋ ನೋಡಿದ ಸ್ಟೂಡೆಂಟ್ಸ್ ತುಂಬಾ ಕಲಿತ್ವಿ ಅಂದ್ಕೊಂಡ್ರು, ಟೆಸ್ಟ್ ಮಾಡಿದ್ರೆ ಎರಡೂ ಗುಂಪಿನ ಮಾರ್ಕ್ಸ್ ಹೆಚ್ಚುಕಮ್ಮಿ ಒಂದೇ. ಮೂವತ್ತು ನಲವತ್ತು ವರ್ಷ ಪಾಠ ಮಾಡಿದವರ ಮಾತಲ್ಲಿ ಆ ಸಲೀಸು ತುಂಬಾನೇ ಇರುತ್ತೆ, ಅದಕ್ಕೇ ಹಿರಿಯರ ಚಾನೆಲ್ ನೋಡುವಾಗ ಸ್ವಲ್ಪ ಜಾಸ್ತಿ ಹುಷಾರಾಗಿರ್ಬೇಕು.

ಹಂಗಂತ ಅವರನ್ನ ಬಿಡ್ಬೇಡಿ. ಅನುಭವಸ್ಥರ ಹತ್ರ ಸಿಗೋದು ಮಾಹಿತಿಗಿಂತ ಹೆಚ್ಚಾಗಿ ಒಂದು ವಿಷ್ಯಾನ ಹಿಡಿಯೋ ಬಗೆ, ಅದನ್ನ ಹುಡುಕ್ಕೊಂಡು ಹೋಗಿ. ಗಣಿತದ ಮೇಷ್ಟ್ರು ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರನ್ನೇ ನೋಡಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿ 2023ರಲ್ಲಿ ನಿವೃತ್ತರಾದವರು, ಅವರ ಲೀನಿಯರ್ ಆಲ್ಜೀಬ್ರಾ ಲೆಕ್ಚರ್‌ಗಳು ಫ್ರೀಯಾಗಿ ಸಿಗುತ್ತೆ. ಮೊದಲನೇ ಲೆಕ್ಚರಲ್ಲೇ ಎರಡು ಅಜ್ಞಾತ ಇರೋ ಎರಡು ಸಮೀಕರಣ ಬರೀತಾರೆ. ಮೊದ್ಲು ನಮಗೆಲ್ಲ ಗೊತ್ತಿರೋ ಹಾಗೆ ಎರಡು ಗೆರೆ ಎಳೆದು ಎಲ್ಲಿ ಕೂಡುತ್ತೆ ಅಂತ ತೋರಿಸ್ತಾರೆ, ಆಮೇಲೆ ಅದೇ ಸಮೀಕರಣದ ಕಾಲಮ್‌ಗಳನ್ನ ಬಾಣಗಳ ಥರ ತಗೊಂಡು, ಒಂದನೇ ಬಾಣ ಒಂದ್ಸಲ, ಎರಡನೇದು ಎರಡು ಸಲ ಸೇರಿಸಿದ್ರೆ ಬಲಗಡೆ ಇರೋ ಬಾಣ ಸಿಗುತ್ತೆ ಅಂತಾರೆ. ಉತ್ತರ ಅದೇ, ನೋಡೋ ಕಣ್ಣು ಬೇರೆ. ನನ್ನ ಪ್ರಕಾರ ಇಂಥದ್ದಕ್ಕೇ ಹಿರಿಯರ ಹತ್ರ ಹೋಗ್ಬೇಕು.

ನೋಡೋ ರೀತಿ ಹೀಗಿರ್ಲಿ. ಸಮೀಕರಣ ಬೋರ್ಡ್ ಮೇಲೆ ಬಂದ ತಕ್ಷಣ ವಿಡಿಯೋ ನಿಲ್ಸಿ, ಅವರು ಗೆರೆ ಎಳೆಯೋಕೆ ಮುಂಚೆ ನೀವೇ ಹಾಳೆ ಮೇಲೆ ಎಳೀರಿ, ತಪ್ಪಾದ್ರೂ ಪರವಾಗಿಲ್ಲ, ಆಮೇಲೆ ಪ್ಲೇ ಮಾಡಿ ನಿಮ್ದಕ್ಕೂ ಅವರದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು ನೋಡಿ. ಡಬಲ್ ಸ್ಪೀಡಲ್ಲಿ ಓಡಿಸ್ಬೇಡಿ, ಇಂಥವರು ಮಾತು ನಿಲ್ಸಿ ಯೋಚಿಸೋ ಜಾಗದಲ್ಲೇ ನೀವೂ ಯೋಚಿಸ್ಬೇಕಾಗಿರೋದು. ಮುಗಿದ್ಮೇಲೆ ಎಲ್ಲಾ ಮುಚ್ಚಿಟ್ಟು ನೆನಪಿರೋದನ್ನ ಬರೀರಿ. ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಸೈಕಾಲಜಿ ಸಂಶೋಧಕರು 2006ರಲ್ಲಿ ತೋರಿಸಿದ್ದು ಇದೇ, ಐದು ನಿಮಿಷದಲ್ಲೇ ಕೇಳಿದ್ರೆ ಮತ್ತೆ ಮತ್ತೆ ಓದಿದವರು ಮುಂದೆ, ಒಂದು ವಾರ ಬಿಟ್ಟು ಕೇಳಿದ್ರೆ ಪುಸ್ತಕ ಮುಚ್ಚಿ ನೆನಪಿಸ್ಕೊಂಡವರು ಮುಂದೆ. ಅದೇ ವಿಡಿಯೋನ ಮೂರು ಸಲ ನೋಡೋ ಬದ್ಲು ಒಂದ್ಸಲ ನೋಡಿ ಎರಡು ಸಲ ಬರೀರಿ.

ಡೇಟ್ ನೋಡೋದನ್ನ ಮರೀಬೇಡಿ. ಅಪ್‌ಲೋಡ್ ಆದ ಡೇಟ್ ಅಲ್ಲ, ಪಾಠ ರೆಕಾರ್ಡ್ ಆಗಿದ್ದು ಯಾವಾಗ ಅಂತ ನೋಡಿ. ಲೀನಿಯರ್ ಆಲ್ಜೀಬ್ರಾ ಹಳೇದಾಗಲ್ಲ, ಆದ್ರೆ 2019ರ ಮೇ 20ರಿಂದ ಕಿಲೋಗ್ರಾಂ ವ್ಯಾಖ್ಯೆ ಲೋಹದ ತುಂಡಿನಿಂದ ಪ್ಲಾಂಕ್ ಸ್ಥಿರಾಂಕಕ್ಕೆ ಹೋಗಿದೆ, ಸೈಕಾಲಜಿಯಲ್ಲಿ ಮಾನಸಿಕ ತೊಂದರೆಗಳನ್ನ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ ಡಿಎಸ್ಎಂ-5 2013ರಲ್ಲಿ ಬಂದ್ಮೇಲೆ ಆಸ್ಪರ್ಜರ್ ಅಂತ ಅದ್ರಲ್ಲಿ ಬೇರೆ ಡಯಾಗ್ನೋಸಿಸ್ ಇಲ್ಲ, ಅದು ಆಟಿಸಂ ಒಳಗೇ ಸೇರಿದೆ. ಇದಕ್ಕಿಂತ ಜಾಸ್ತಿ ಮಾರ್ಕ್ಸ್ ಹೋಗೋದು ಪ್ಲಸ್ ಮೈನಸ್ ಚಿಹ್ನೆಗಳ ಪದ್ಧತಿ ಬೇರೆ ಇದ್ದಾಗ. ಥರ್ಮೋಡೈನಮಿಕ್ಸ್ ಮೊದಲನೇ ನಿಯಮಾನೇ ತಗೊಳಿ, ಸಿಸ್ಟಮ್ ಒಳಗಿನ ಶಕ್ತಿ ಎಷ್ಟು ಬದಲಾಯ್ತು ಅಂತ ಲೆಕ್ಕ ಹಾಕೋದಕ್ಕೆ ಹಳೇ ಇಂಜಿನಿಯರಿಂಗ್ ಪದ್ಧತೀಲಿ ಪಳಗಿದವರು ಸಿಸ್ಟಮ್ ಮಾಡೋ ಕೆಲಸಾನ ಪ್ಲಸ್ ಅಂತ ಇಟ್ಕೊಂಡು ಶಾಖದಿಂದ ಕೆಲಸ ಕಳೀತಾರೆ, ಈಗಿನ ಕೆಮಿಸ್ಟ್ರಿ ಪುಸ್ತಕಗಳು ಸಿಸ್ಟಮ್ ಮೇಲೆ ಆಗೋ ಕೆಲಸಾನ ಪ್ಲಸ್ ಅಂತ ಇಟ್ಕೊಂಡು ಎರಡನ್ನೂ ಕೂಡ್ತಾವೆ. ಎರಡೂ ಸರಿ, ಬೆರೆಸಿದ್ರೆ ಮಾತ್ರ ಉತ್ತರ ಕೆಟ್ಟೋಗುತ್ತೆ. ನಿಮ್ಮ ಪುಸ್ತಕ ಯಾವುದನ್ನ ಹಿಡಿದಿದೆ ಅಂತ ಮೊದಲ ಪುಟದಲ್ಲೇ ಬರ್ಕೊಂಬಿಡಿ.

ಇನ್ನು ‘ಹೇಗೆ ಓದ್ಬೇಕು’, ‘ಯಾವ ಕೆಲಸ ಹಿಡೀಬೇಕು’ ಅಂತ ಹಿರಿಯರು ಹಾಕೋ ರೀಲ್ಸ್. ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಅವರು ಕೆಲಸಕ್ಕೆ ಸೇರಿದ ಕಾಲಾನೇ ಬೇರೆ, ಮತ್ತೆ ಫಿಸಿಕ್ಸ್ ಚೆನ್ನಾಗಿ ಗೊತ್ತಿರೋರಿಗೆ ಜ್ಞಾಪಕಶಕ್ತಿ ಬಗ್ಗೆನೂ ಗೊತ್ತಿರ್ಬೇಕು ಅಂತೇನಿಲ್ಲ. ‘ನೀನು ನೋಡಿ ಕಲಿಯೋನಾ, ಕೇಳಿ ಕಲಿಯೋನಾ ತಿಳ್ಕೋ’ ಅನ್ನೋ ಸಲಹೆ ಎಷ್ಟು ಕಡೆ ಕೇಳ್ತೀವಿ, 2008ರಲ್ಲಿ ಪ್ಯಾಶ್ಲರ್ ಮತ್ತಿತರ ಸೈಕಾಲಜಿ ಸಂಶೋಧಕರು ಆವರೆಗಿನ ಅಧ್ಯಯನಗಳನ್ನ ಜಾಲಾಡಿ ಅದಕ್ಕೆ ತಕ್ಕ ಪುರಾವೆ ಇಲ್ಲ ಅಂದಿದ್ರು. ಅವರ ಸ್ವಂತ ವಿಷ್ಯದ ಪಾಠಾನ ತಗೊಳಿ, ಮಿಕ್ಕಿದ್ದನ್ನ ಇನ್ನೊಂದು ಕಡೆ ಚೆಕ್ ಮಾಡಿ. ವಿಡಿಯೋ ಕೊನೇಲಿ ದುಡ್ಡು ಕೊಟ್ಟು ಸೇರೋ ಕೋರ್ಸ್ ಲಿಂಕ್ ಇದ್ರೆ ಇನ್ನೂ ಗಟ್ಟಿಯಾಗಿ ಚೆಕ್ ಮಾಡಿ.

ಕೊನೇದು, ನನಗೆ ತುಂಬಾ ಮುಖ್ಯ ಅನ್ಸೋದು. ದಿನಾ ನೋಡ್ತಾ ನೋಡ್ತಾ ಆ ಮೇಷ್ಟ್ರು ನಮ್ಮವರೇ ಅನ್ಸೋಕೆ ಶುರುವಾಗುತ್ತೆ. ಹಾರ್ಟನ್ ಮತ್ತು ವೋಲ್ ಅನ್ನೋರು 1956ರಲ್ಲೇ, ಟಿವಿ ರೇಡಿಯೋ ಕಾಲದಲ್ಲೇ ಈ ಏಕಮುಖ ಸಲುಗೆ ಬಗ್ಗೆ ಬರೆದಿದ್ರು. ಸಲುಗೆ ಇರ್ಲಿ, ಓದೋಕೆ ಕೂರೋ ಮನಸ್ಸು ಬರೋದೇ ಎಷ್ಟೋ ಸಲ ಅದ್ರಿಂದ. ಆದ್ರೆ ನೀವು ಎಲ್ಲಿ ಸಿಕ್ಕಾಕ್ಕೊಂಡಿದ್ದೀರಿ ಅಂತ ಅವರಿಗೆ ಕಾಣಲ್ಲ, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಇರೋರಿಗೆ ಕಾಣುತ್ತೆ. ಅರ್ಥ ಆಗದ ಜಾಗದ ನಿಮಿಷ, ಸೆಕೆಂಡು ಬರ್ಕೊಂಡು, ಅಲ್ಲೀವರೆಗೆ ನೀವು ಮಾಡಿದ ಲೆಕ್ಕದ ಹಾಳೆ ಸಮೇತ ನಿಮ್ಮ ಮೇಡಂ ಅಥವಾ ಸರ್ ಹತ್ರ ಹೋಗಿ, ‘ಸರ್, ಇಲ್ಲೀವರೆಗೂ ಬಂತು, ಈ ಸಾಲಿಂದ ಈ ಸಾಲಿಗೆ ಹೇಗೆ ಬಂದ್ರು ಗೊತ್ತಾಗ್ತಿಲ್ಲ’ ಅಂತ ಕೇಳಿ.